ಹಲಸೂರು ಕೆರೆಯಿಂದ ಸಮುದ್ರಕ್ಕೆ ನಾಲ್ಕು ಜನ

ಸಮುದ್ರವೇ ಇಲ್ಲದ ಊರಿನಲ್ಲಿ ಹಾಯಿದೋಣಿ ಇಟ್ಟುಕೊಂಡವರಿಗೆ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಆಗದ ಭಾನುವಾರ ನಾವು ದೋಣಿಯನ್ನು ನೀರಿಗೆ ಇಳಿಸಿಲ್ಲ ಎಂದರ್ಥ.

ನಾವು ನಾಲ್ಕು ಜನ. ಚುಕ್ಕಾಣಿ ಹಿಡಿಯುವವರು ಹಲಸೂರಿನ ನಿವೃತ್ತ ಭೂಗೋಳದ ಮೇಡಂ. ಮೂವತ್ತು ವರ್ಷ ಮಕ್ಕಳಿಗೆ ಸಾಗರ, ಮಾರುತ ಎಂದು ಪಾಠ ಹೇಳಿದವರು. ಸಮುದ್ರದಲ್ಲಿ ಒಂದು ರೇಸನ್ನಾದರೂ ಪೂರ್ತಿ ಮುಗಿಸಬೇಕು ಎಂಬುದು ಅವರ ಹಟ. ಗೆಲ್ಲುವ ಮಾತನ್ನು ಅವರು ಎಂದೂ ಎತ್ತಿದವರಲ್ಲ. ಜೊತೆಗೆ ಶಿವಾಜಿನಗರದಲ್ಲಿ ಪರದೆ ಹೊಲಿಯುವ ಭಾಯ್, ಮತ್ತು ಮಹದೇವಪುರದ ಗೌಡರು. ಗೌಡರ ರಾಗಿ ಹೊಲದ ಮೇಲೆ ಈಗ ಗಾಜಿನ ಕಟ್ಟಡ ನಿಂತಿದೆ. ನಾನು ಹಗ್ಗ ಎಳೆಯುವವನು. ಮಾತು ಕಡಿಮೆ ಎಂದು ಕೊಟ್ಟ ಕೆಲಸ.

ಕೆರೆ

ಅಭ್ಯಾಸ ಹಲಸೂರು ಕೆರೆಯಲ್ಲಿ. ಗಾಳಿಗೆ ಎದುರಾಗಿ ಹಾಯಿದೋಣಿ ನೇರ ಹೋಗುವುದಿಲ್ಲ. ಓರೆಯಾಗಿ ಅತ್ತ ಸ್ವಲ್ಪ, ಇತ್ತ ಸ್ವಲ್ಪ ಸಾಗಬೇಕು. ದಡದಲ್ಲಿ ವಾಕಿಂಗ್ ಮಾಡುತ್ತಿದ್ದ ಹಿರಿಯರೊಬ್ಬರು ಒಂದು ದಿನ ಕಂಬಿಗೆ ಕೈಯೂರಿ ನಿಂತರು.

"ಮೇಡಂ, ನಂದು ಮೂರು ಸುತ್ತು ಮುಗೀತು. ಅವಾಗ್ಲಿಂದ ನೋಡ್ತಿದ್ದೀನಿ. ನೀವು ಹೋಗ್ತಿದ್ದೀರೋ, ಬರ್ತಿದ್ದೀರೋ?"

ಮೇಡಂ ಹಾಯಿ ನೋಡಿದರು, ದಡ ನೋಡಿದರು. "ಇನ್ನೊಂದು ಸುತ್ತು ಹಾಕ್ಬನ್ನಿ. ಅಷ್ಟೊತ್ತಿಗೆ ನಮಗೂ ಗೊತ್ತಾಗುತ್ತೆ."

ಹಾಯಿ

ಮೊದಲ ಸಮುದ್ರ ರೇಸಿಗೆ ಹೊರಡುವ ವಾರ ಹಾಯಿ ಹರಿಯಿತು. ಭಾಯ್ ಅದನ್ನು ಅಂಗಡಿಗೆ ಒಯ್ದು, ಮದುವೆ ಮನೆಯ ಪರದೆಗಳ ನಡುವೆ ಹರಡಿಕೊಂಡು, ಎರಡು ದಿನ ಕೂತು ಹೊಲಿದರು. ಆ ರೇಸಿಗೆ ಯಾರು ಬೇಕಾದರೂ ಬರಬಹುದು, ಸಮುದ್ರದಲ್ಲೇ ಬೆಳೆದವರೂ, ನಮ್ಮಂಥವರೂ. ಆದರೆ ತಪಾಸಣೆ ಎಲ್ಲರಿಗೂ ಒಂದೇ. ಅಧಿಕಾರಿ ಹೊಲಿಗೆಯನ್ನು ಬೆರಳಿನಿಂದ ಸವರಿ, ಮತ್ತೆ ಸವರಿ, "ಯಾವ ಕಂಪನಿಯ ಹಾಯಿ ಇದು?" ಎಂದರು.

"ಶಿವಾಜಿನಗರ್," ಎಂದರು ಭಾಯ್. "ಎಷ್ಟ್ ಸಲ ಬೇಕಾದ್ರೂ ಒಗೀರಿ ಸಾಬ್, ಬಣ್ಣ ಹೋಗಲ್ಲ."

ಅವತ್ತು ಎರಡು ವಿದೇಶಿ ಹಾಯಿಗಳು ಗಾಳಿಗೆ ಸೀಳಿಹೋದವು. ನಮ್ಮದು ಹೊಲಿದ ಹಾಗೇ ಇತ್ತು. ಇದನ್ನು ನಾನು ಕೇಳದವರಿಗೂ ಹೇಳುತ್ತೇನೆ.

ದಾರಿ

ಹಾಯಿ ಸರಿಯಿತ್ತು, ದಾರಿ ತಪ್ಪಿತು. ತಿರುವಿನ ಗುರುತಿಗೆಂದು ನೀರಿನಲ್ಲಿ ತೇಲಿಬಿಟ್ಟ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬುರುಡೆಯನ್ನು ಸುತ್ತಿ ತಿರುಗಬೇಕಿತ್ತು. ಗೌಡರ ಕಣ್ಣು ಚುರುಕು. ಎದ್ದು ನಿಂತು ನೋಡಿ, "ಅಲ್ಲೊಂದು ನೀಲಿ ಬೋಟ್ ನಿಂತಿದೆಯಲ್ಲ ಮೇಡಂ, ಅದಾದ್ಮೇಲೆ ಫಸ್ಟ್ ರೈಟ್," ಎಂದು ಹೇಳಿ ಕೂತರು. ನಾವು ನೀಲಿ ಬೋಟನ್ನೇ ಗುರಿಯಿಟ್ಟು ಸಾಗಿದೆವು. ಅದು ಎಷ್ಟು ಹೊತ್ತಾದರೂ ಹತ್ತಿರ ಬರಲಿಲ್ಲ. ಬಂದಾಗ ನಾವು ಮೀನುಗಾರರ ಬಂದರಿನೊಳಗಿದ್ದೆವು.

"ನಿಂತಿತ್ತು, ನಾನೇ ನೋಡಿದ್ದು," ಎಂದರು ಗೌಡರು.

ದಡದಲ್ಲಿ ಬುಟ್ಟಿ ಹಿಡಿದು ಕಾಯುತ್ತಿದ್ದ ಹೆಂಗಸೊಬ್ಬಳು ನಮ್ಮ ದೋಣಿಯೊಳಗೆ ಇಣುಕಿದಳು. "ಎಂತ ಸಿಕ್ಕಿತು ಇವತ್ತು?"

"ಬುದ್ಧಿ," ಎಂದರು ಮೇಡಂ.

ಎರಡನೆಯ ವರ್ಷ ಚುಕ್ಕಾಣಿಯ ಪಿನ್ನು ಮುರಿದು, ಮೀನುಗಾರರು ನಮ್ಮನ್ನು ಎಳೆದು ತಂದರು. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲ. ವಾಪಸ್ ಬರುವಾಗ ಮೇಡಂ, "ಇನ್ನೊಂದೇ ಸಲ. ಆಗಲಿಲ್ಲ ಅಂದ್ರೆ ನಾನು ಬಿಡ್ತೀನಿ," ಎಂದರು.

ಗಾಳಿ

ಮೂರನೆಯ ವರ್ಷ ಬುರುಡೆಯನ್ನು ಸರಿಯಾಗಿಯೇ ಸುತ್ತಿದೆವು, ಎಲ್ಲರಿಗಿಂತ ಹಿಂದೆ. ಹನ್ನೊಂದು ಗಂಟೆಗೆ ಗಾಳಿ ನಿಂತಿತು. ಸಮುದ್ರ ತಟ್ಟೆಯಲ್ಲಿಟ್ಟ ಎಣ್ಣೆಯ ಹಾಗಾಯಿತು. ಸಂಜೆ ಆರರೊಳಗೆ ಮುಕ್ತಾಯದ ಗೆರೆ ದಾಟಬೇಕು; ಮೋಟಾರು ಹಚ್ಚಿದವರು ರೇಸಿನಿಂದ ಹೊರಗೆ. ಹನ್ನೆರಡಕ್ಕೆ ಮೊದಲ ಮೋಟಾರಿನ ಸದ್ದು ಕೇಳಿಸಿತು. ಎರಡು ಗಂಟೆಯ ಹೊತ್ತಿಗೆ ಉಳಿದ ಹತ್ತೂ ದೋಣಿಗಳು ಮೋಟಾರು ಹಚ್ಚಿ ಹೊರಟಿದ್ದವು. ಕೊನೆಯ ದೋಣಿಯವನು ನಮ್ಮ ಕಡೆ ತಿರುಗಿ, "ಬನ್ನಿ ಮಾರಾಯ್ರೇ, ಇನ್ನು ಗಾಳಿ ಇಲ್ಲ. ಅಲ್ಲಿ ಊಟ ತಣ್ಣಗಾಗ್ತದೆ," ಎಂದು ಕರೆದ.

ಭಾಯ್ ಕೈ ಮೋಟಾರಿನ ಹಗ್ಗದ ಕಡೆಗೆ ಹೋಯಿತು. ಮೇಡಂ ಆ ಕೈಯನ್ನು ನೋಡಿದರು, ಅಷ್ಟೇ. ಕೈ ಬುತ್ತಿಯ ಕಡೆಗೆ ತಿರುಗಿತು. ತಿಂದೆವು. ಗೌಡರು ಟೋಪಿ ಮುಖದ ಮೇಲೆಳೆದು ಗೊರಕೆ ಹೊಡೆದರು. ಮೇಡಂ ಪದಬಂಧ ತುಂಬಿದರು. ನಾನು ತಂದಿದ್ದ ಪುಸ್ತಕ ಮುಗಿಸಿ ಬೆನ್ನುಡಿಯನ್ನೂ ಓದಿದೆ.

ನಾಲ್ಕೂವರೆಗೆ ಹಾಯಿಯ ಅಂಚು ಅಲುಗಿತು. ಮೇಡಂ ಪೆನ್ನು ಇಟ್ಟರು. ಆರಕ್ಕೆ ಹತ್ತು ನಿಮಿಷವಿರುವಾಗ ನಾವು ಗೆರೆಯ ಹತ್ತಿರ ತೆವಳುತ್ತಿದ್ದೆವು. ಅಲ್ಲಿ ಕಾವಲು ದೋಣಿಯಲ್ಲಿದ್ದ ಅಧಿಕಾರಿ ಕೂಗಿದರು: "ದೋಣಿ ಕೆಟ್ಟಿದೆಯಾ? ಎಳೀಬೇಕಾ?"

"ಮುಟ್ಬೇಡಿ," ಎಂದರು ಮೇಡಂ. ಅವರ ಧ್ವನಿ ಅಷ್ಟು ಗಟ್ಟಿಯಾಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನಾವು ರೇಸಲ್ಲಿದ್ದೀವಿ."

ದಾಟಿದೆವು. ಮುಗಿಸಿದ್ದು ನಮ್ಮ ದೋಣಿ ಒಂದೇ. ಹಾಗಾಗಿ ಮೊದಲನೆಯದೂ ನಮ್ಮದೇ. ಮೇಡಂ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಭಾಯ್ ಸಮುದ್ರದ ಕಡೆ ತಿರುಗಿ ಕೂತರು.

ಬಹುಮಾನದ ಸಭೆಯಲ್ಲಿ ನಮಗೆ ಕಪ್ ಕೊಟ್ಟ ಹಿರಿಯ ನಾವಿಕರು ಮೈಕ್ ಹಿಡಿದು ಕೇಳಿದರು: "ಇಲ್ಲಿರೋರೆಲ್ಲ ನಲವತ್ತು ವರ್ಷದಿಂದ ಸಮುದ್ರ ನೋಡ್ತಾ ಬಂದವರು. ಅವರೇ ಕೈಬಿಟ್ಟರು. ಐದೂವರೆ ಗಂಟೆ ಒಂದೇ ಕಡೆ ಅಲ್ಲಾಡದೆ ಕೂತ್ಕೊಳ್ಳೋದನ್ನ ನೀವು ಎಲ್ಲಿ ಕಲಿತ್ರಿ?"

ಮೇಡಂ ತರಗತಿಯಲ್ಲಿ ನಿಲ್ಲುವ ಹಾಗೆ ನಿಂತರು.

"ನಾವು ಬೆಂಗಳೂರಿನ ಪೂರ್ವ ಭಾಗದವರು. ಕೆ.ಆರ್. ಪುರದ ತೂಗುಸೇತುವೆ ಹತ್ರ ಟ್ರಾಫಿಕ್‌ನಲ್ಲಿ ಕೂತು ಅಭ್ಯಾಸ. ಇಲ್ಲಿ ಹಿಂದಿನಿಂದ ಯಾರೂ ಹಾರನ್ ಕೂಡ ಹೊಡೀಲಿಲ್ಲ."