ದಕ್ಷಿಣ ವಲಯದ ಇಬ್ಬರು ಡೀಲರುಗಳು

ತೊಂದರೆಗೆಲ್ಲ ಮೂಲ ಒಂದು ಗೊರಕೆ. ಬೀಗದ ಕಂಪನಿಯೊಂದು ತನ್ನ ಡೀಲರುಗಳಿಗಾಗಿ ಆನ್‌ಲೈನ್ ಸಭೆ ಏರ್ಪಡಿಸಿತ್ತು. ಮಾಲೀಕರು ಹೊಸ ಬೀಗದ ಗುಣಗಾನ ಮಾಡುತ್ತಿದ್ದಾಗ ಯಾರೋ ಪುಣ್ಯಾತ್ಮ ಮೈಕ್ ಮುಚ್ಚುವುದನ್ನು ಮರೆತು ನಿದ್ದೆಹೋದ. ಹಳೆಯ ಲಾರಿ ಏರು ಹತ್ತುವಂಥ ಆ ಸದ್ದು ಸಭೆ ಮುಗಿಯುವವರೆಗೂ ನಿಲ್ಲಲಿಲ್ಲ.

ಆ ಸಭೆಯನ್ನು ರೂಪಿಸಿದ್ದವನು ನಮ್ಮ ಚಪ್ಪಾಳೆರಾಯ. ಒತ್ತಿದರೆ ಚಪ್ಪಾಳೆ ಕೇಳಿಸುವ ಗುಂಡಿಯೊಂದನ್ನು ತೆರೆಯ ಮೇಲೆ ತಂದಂದಿನಿಂದ ಬೀದಿಯವರು ಅವನನ್ನು ಹಾಗೆಯೇ ಕರೆಯುತ್ತಿದ್ದರು. ಕೂತವರು ಎದ್ದುಹೋಗದಂತೆ ನೋಡಿಕೊಳ್ಳುವುದೇ ಅವನ ಉದ್ಯೋಗ. ರಸಪ್ರಶ್ನೆ, ಮತದಾನ, ಕೈ ಎತ್ತಿ ಮಾತಾಡುವ ಅವಕಾಶ, ಎಲ್ಲವನ್ನೂ ಇಟ್ಟಿದ್ದ. ಒತ್ತುವವರು ಇರಲಿಲ್ಲ, ಅಷ್ಟೆ.

ಈ ದಿನ ಅದೇ ಕಂಪನಿಯ ಎರಡನೆಯ ಸಭೆ. ಬೆಳಿಗ್ಗೆಯೇ ಚಪ್ಪಾಳೆರಾಯನ ಯಜಮಾನರ ಫೋನು ಬಂತು; ಕಂಪನಿಗಳಿಗೆ ಆನ್‌ಲೈನ್ ಸಭೆ ನಡೆಸಿಕೊಡುವುದೇ ಅವರ ವ್ಯಾಪಾರ.

"ನೋಡಪ್ಪಾ, ಇವತ್ತೂ ಜನ ತೂಕಡಿಸಿದ್ರೆ ಅವರು ನಮ್ ಕೈ ಬಿಡ್ತಾರೆ. ಅವರು ನಮ್ ಕೈ ಬಿಟ್ರೆ ನಾನು ನಿನ್ ಕೈ ಬಿಡ್ತೀನಿ."

ಚಪ್ಪಾಳೆರಾಯ ತಲೆಯ ಮೇಲೆ ಕೈಹೊತ್ತು ಕೂತ. ಹೆಂಡತಿಗೆ ನೋಡಲಾಗಲಿಲ್ಲ. "ಅದಕ್ಯಾಕ್ರೀ ಇಷ್ಟು ಯೋಚ್ನೆ? ಸುಮ್ನೆ ಕೂತಿರೋರು ಬೀದಿ ತುಂಬ ಇದಾರೆ. ಮೂರು ಜನಾನ ಡೀಲರ್ ಮಾಡಿ ಕೂರಿಸಿ" ಎಂದಳು.

ಚಪ್ಪಾಳೆರಾಯ ದೇವರಿಗೆ ಹೆದರುವವನೇ. ಆದರೆ ಆ ಹೊತ್ತಿನಲ್ಲಿ ದೇವರಿಗಿಂತ ಯಜಮಾನರು ಹತ್ತಿರದಲ್ಲಿದ್ದರು.

ಹೀಗಾಗಿ ಅಡುಗೆಮನೆಯಲ್ಲಿದ್ದ ಅತ್ತೆ ದಕ್ಷಿಣ ವಲಯದ ಡೀಲರಾದರು. ಮಹಡಿಯ ಮೇಲಿದ್ದ ನಿವೃತ್ತ ಲೆಕ್ಕದ ಮೇಷ್ಟರು ಪೂರ್ವ ವಲಯವಾದರು. ಎದುರಂಗಡಿಯ ದರ್ಜಿ ಹೊಲಿಗೆಯಂತ್ರದ ಮುಂದೆ ಕೂತಂತೆಯೇ ಉತ್ತರ ವಲಯವಾದ. "ಒಬ್ಬೊಬ್ಬರು ಒಂದೇ ಪ್ರಶ್ನೆ. ಕ್ಯಾಮೆರಾ ಮಾತ್ರ ಹಾಕಬೇಡಿ" ಎಂದು ಚಪ್ಪಾಳೆರಾಯ ಮೂವರಿಗೂ ಕೈಮುಗಿದ.

ಸಭೆ ಶುರುವಾಯಿತು. ತೆರೆಯ ಮೇಲೆ ಮಾಲೀಕರ ಮುಖ, ಅವರ ಪಕ್ಕದಲ್ಲಿ ಮಾರಾಟದ ಮ್ಯಾನೇಜರು. ಉಳಿದದ್ದೆಲ್ಲ ಡೀಲರುಗಳ ಕಪ್ಪು ಚೌಕಗಳು.

"ಅದೇನ್ರೀ ಟರ್ರ್ ಅಂತ ಸದ್ದು?" ಎಂದರು ಮಾಲೀಕರು.

"ಉತ್ತರ ವಲಯ ಸಾರ್, ಕೀಲಿ ಕೊರೀತಿದೀವಿ. ಅಷ್ಟು ವ್ಯಾಪಾರ!" ಎಂದ ದರ್ಜಿ.

ಮಾಲೀಕರು ಹಿಗ್ಗಿದರು. ಕೂಡಲೇ ಮೇಷ್ಟರು ಕೈ ಎತ್ತಿದರು. "ಈ ಬೀಗಕ್ಕೆ ಎಷ್ಟು ಬಗೆ ಕೀಲಿ ಮಾಡಬಹುದು?"

"ಲಕ್ಷ ಬಗೆ."

"ಹೇಗೆ? ಹಂತ ಹಂತವಾಗಿ ಬಿಡಿಸಿ ತೋರಿಸಿ. ಬರೀ ಉತ್ತರ ಹೇಳಿದ್ರೆ ಮಾರ್ಕ್ಸ್ ಇಲ್ಲ."

ಮಾಲೀಕರು ಲೆಕ್ಕ ಬಾರದ ಹುಡುಗನಂತೆ ಬೆರಳು ಮಡಿಸತೊಡಗಿದಾಗ ಅತ್ತೆ ಬಾಯಿ ಹಾಕಿದರು. "ಲಕ್ಷ ಬಗೆ ಯಾಕಪ್ಪಾ? ನಮ್ಮನೆ ಕಪಾಟಿಗೆ ನಿಮ್ ಬೀಗಾನೇ ಹಾಕಿದೀನಿ. ನಮ್ ಅಳಿಯಂದ್ರು ಹೇರ್‌ಪಿನ್ನಲ್ಲೇ ತೆಗೆದು ಬಿಸ್ಕತ್ತು ತಿಂತಾರೆ. ಇದು ದಕ್ಷಿಣ ವಲಯದ ದೂರು!"

ಅಷ್ಟರಲ್ಲಿ ಮತ್ತೊಂದು ಕಪ್ಪು ಚೌಕದಿಂದ ಹೆಂಗಸೊಬ್ಬಳ ದನಿ ಸಿಡಿಯಿತು. "ಯಾರ್ರೀ ಅದು? ದಕ್ಷಿಣ ವಲಯ ನಾನು!"

ಚಪ್ಪಾಳೆರಾಯ ಕುರ್ಚಿಯಿಂದ ಎದ್ದೇಬಿಟ್ಟ. ನಿಜವಾದ ಡೀಲರು! ಮುಗಿಯಿತು ಕತೆ.

ಅತ್ತೆ ಮಾತ್ರ ಜಗ್ಗಲಿಲ್ಲ. "ಏನೇ, ನಿನ್ನೆ ಮೊನ್ನೆ ಬಂದವಳು ನೀನು! ನಾನು ಹುಟ್ಟಿದಾಗಿಂದ ಬೀಗ ಮಾರ್ತಿದೀನಿ. ನಿನ್ ಮುಖಾನೇ ನೋಡಿಲ್ಲ."

"ಹೇಗೆ ನೋಡ್ತೀರಿ? ನಾನು ಕ್ಯಾಮೆರಾ ಹಾಕಿಲ್ಲ."

"ಹಾಕ್ಬೇಡಮ್ಮಾ, ಎಲ್ರೂ ಹೆದರ್ಕೊಂಡಾರು!"

ಚಪ್ಪಾಳೆರಾಯ ಫೋನು ಕಿತ್ತುಕೊಳ್ಳಲು ಅಡುಗೆಮನೆಗೆ ಓಡಿದ. ಅತ್ತೆ ಬಾಗಿಲು ಹಾಕಿ ಚಿಲಕ ಜಡಿದರು. ಅವನು ಬಾಗಿಲು ತಟ್ಟುತ್ತಿದ್ದಂತೆ ದರ್ಜಿಯ ದನಿ ಕೇಳಿಸಿತು. "ಜಗಳ ಬಿಡಿ ತಾಯಂದಿರಾ, ದಕ್ಷಿಣಾನ ಇಬ್ರೂ ಹಂಚ್ಕೊಳ್ಳಿ. ಮೊದ್ಲು ಎಲ್ರಿಗೂ ಕಮಿಷನ್ ಏರಿಸ್ಲಿ!"

"ಏರಿಸ್ಲಿ! ಏರಿಸ್ಲಿ!" ಎಂದು ಕಪ್ಪು ಚೌಕಗಳೆಲ್ಲ ಒಟ್ಟಿಗೆ ಕೂಗಿದವು. ಚಪ್ಪಾಳೆಯ ಗುಂಡಿ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಬಡಿದುಕೊಂಡಿತು. ಒಬ್ಬನೇ ಒಬ್ಬನೂ ಎದ್ದುಹೋಗಲಿಲ್ಲ.

ಮ್ಯಾನೇಜರು ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಿದ್ದ. ಮಾಲೀಕರು ಎದ್ದು ನಿಂತರು. ಅವರ ಕಣ್ಣಲ್ಲಿ ನೀರು. "ನನ್ನ ಡೀಲರುಗಳಿಗೆ ಇಷ್ಟು ಜೀವ ಇದೆ ಅಂತ ಗೊತ್ತೇ ಇರ್ಲಿಲ್ಲ! ಇಂಥ ಸಭೆ ನಾನು ಕಂಡಿಲ್ಲ" ಎಂದು ಕೈಮುಗಿದರು.

ಚಪ್ಪಾಳೆರಾಯ ಅಲ್ಲೇ ನೆಲದ ಮೇಲೆ ಕೂತು ದೇವರನ್ನು ನೆನೆದ. ಕೆಲಸ ಉಳಿಯಿತು.

ಸ್ವಲ್ಪ ಹೊತ್ತಿಗೆ ಮ್ಯಾನೇಜರನ ಫೋನು ಬಂತು. ಪಿಸುದನಿ. "ಸ್ವಾಮೀ, ನಿಜ ಹೇಳಿ. ಆ ಇನ್ನೊಂದು ದಕ್ಷಿಣ ವಲಯ ಯಾರು?"

"ತಪ್ಪಾಯ್ತು ಸಾರ್. ನಮ್ಮತ್ತೆ. ನಿಮ್ ಡೀಲರಮ್ಮನ ಹತ್ರ ನಾನೇ ಕ್ಷಮೆ ಕೇಳ್ತೀನಿ."

"ಯಾವ ಡೀಲರಮ್ಮ? ಅವಳು ನನ್ ನಾದಿನಿ! ಹೋದ ಸಲದ್ದು ನೋಡಿ ನಿಜವಾದ ಡೀಲರ್‌ಗಳು ಒಬ್ಬರೂ ಬರಲ್ಲ ಅಂದ್ರು. ಅಲ್ಲಿದ್ದೋರೆಲ್ಲ ನನ್ ನೆಂಟರೇ."

ಚಪ್ಪಾಳೆರಾಯನಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಇಬ್ರಿಗೂ ಸರಿಹೋಯ್ತು ಬಿಡಿ!"

"ಏನ್ ಸರಿಹೋಯ್ತು? ಇಂಥಾ ಜನಾನ ತೆರೆ ಹಿಂದೆ ಕೂರಿಸೋದು ಪಾಪ ಅಂತಿದಾರೆ ನಮ್ ಮಾಲೀಕರು. ಇನ್ಮೇಲೆ ಆನ್‌ಲೈನ್ ಬೇಡವೇ ಬೇಡ, ಎಲ್ಲ ಎದುರುಬದುರಾಗೇ ಅಂತ ನಿಮ್ ಯಜಮಾನರಿಗೂ ಹೇಳಾಯ್ತು. ಸೋಮವಾರ ಎಲ್ರೂ ಸಭಾಂಗಣಕ್ಕೆ ಬರ್ಬೇಕಂತೆ. ನಿಮ್ಮೋರನ್ನ ಕಳಿಸ್ತೀರಿ ತಾನೇ?"

ಆ ಫೋನು ಇಡುವಷ್ಟರಲ್ಲಿ ಯಜಮಾನರದು ಬಂತು. ಬೈಗುಳವೇನೂ ಇರಲಿಲ್ಲ. ಸಭೆ ಅಷ್ಟು ಚೆನ್ನಾಗಿ ಆದದ್ದಕ್ಕೆ ಅಭಿನಂದನೆ, ನಾಳೆಯಿಂದ ಬರುವುದು ಬೇಡ, ಎಂಬ ಎರಡೇ ಮಾತು.

ಅಡುಗೆಮನೆಯ ಚಿಲಕ ಸರಿಯಿತು. ಯುದ್ಧ ಗೆದ್ದ ಸೇನಾಪತಿಯಂತೆ ಅತ್ತೆ ಹೊರಬಂದರು.

"ಅಳಿಯಂದ್ರೇ, ಎಲ್ರಿಗೂ ಮಾಲೀಕರ ಮೆಸೇಜ್ ಬಂದಿದೆ. ಸೋಮವಾರ ಆ ಸಭೆಗೆ ನಾವು ಮೂವರೂ ಹೋಗೋದೇ. ಮೇಷ್ಟ್ರೂ ಒಪ್ಪಿದಾರೆ. ಆ ಇನ್ನೊಬ್ಬಳ ಮುಖ ನಾನು ನೋಡ್ಲೇಬೇಕು. ನೀವು ಒಂದಿನ ರಜಾ ಹಾಕಿ, ನಮ್ಮನ್ನ ಕರ್ಕೊಂಡ್ ಹೋಗಿ."

"ರಜಾ ಹಾಕೋ ಅಗತ್ಯ ಇಲ್ಲ, ಅತ್ತೆ" ಎಂದ ಚಪ್ಪಾಳೆರಾಯ.