ಚಿಕ್ಕಪ್ಪನ ಟೀವಿಯಲ್ಲಿ ಕೊಪ್ಪ ಉದ್ವಿಗ್ನ!

ನಮ್ಮ ಚಿಕ್ಕಪ್ಪನಿಗೆ ಸ್ವಂತ ಅಭಿಪ್ರಾಯವೇ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಏಕೆಂದರೆ ಅವರ ಬಾಯಿಂದ ದಿನಕ್ಕೆ ಕನಿಷ್ಠ ಹತ್ತು ಅಭಿಪ್ರಾಯ ಹೊರಬೀಳುತ್ತವೆ! ಅಷ್ಟೂ ಟೀವಿಯವು. ಕೊಪ್ಪ ಬಸ್‌ಸ್ಟ್ಯಾಂಡಿನ ಹತ್ತಿರ ಅವರದು ಮಿಕ್ಸಿ ರಿಪೇರಿ ಅಂಗಡಿ. ಮೂಲೆಯ ಟೀವಿ ಬೆಳಗಿನಿಂದ ಕಿರುಚುತ್ತಲೇ ಇರುತ್ತದೆ. ಮಿಕ್ಸಿಯ ಸದ್ದು ಯಾವುದು, ಚರ್ಚೆಯ ಸದ್ದು ಯಾವುದು ಎಂದು ಗಿರಾಕಿಗಳಿಗೆ ತಿಳಿಯಬೇಕಲ್ಲ!

ಕಳೆದ ಚುನಾವಣೆಯ ದಿನ ಬೆಳಿಗ್ಗೆ ಪೇಪರ್ ಓದಿ ಒಬ್ಬರನ್ನು ಗೆಲ್ಲಿಸಿದರು, ಮಧ್ಯಾಹ್ನ ಟೀವಿ ನೋಡಿ ಅವರನ್ನೇ ಸೋಲಿಸಿದರು. ಮತಗಟ್ಟೆಗೆ ಹೊರಟ ಚಿಕ್ಕಮ್ಮ, "ಈಗ ಯಾರಿಗೆ ಹಾಕ್ತೀರಿ?" ಎಂದರೆ, "ತಡಿ ಮಾರಾಯ್ತಿ, ಜಾಹೀರಾತು ಮುಗೀಲಿ" ಎಂದರು!

ಈರುಳ್ಳಿ ಇನ್ನು ಕಣ್ಣಿಗೂ ಸಿಗುವುದಿಲ್ಲ ಎಂದು ಟೀವಿ ಹೇಳಿದ ದಿನ ಜಯಪುರದಿಂದ ಎರಡು ಚೀಲ ತಂದರು. ಮರುವಾರ ಈರುಳ್ಳಿ ಎಲ್ಲ ಕಡೆ ಸಿಕ್ಕಿತು. ನಮ್ಮಲ್ಲಿ ಮೊಳಕೆಯೊಡೆಯಿತು. ಚಿಕ್ಕಮ್ಮ ಪಾಯಸವೊಂದನ್ನು ಬಿಟ್ಟು ಉಳಿದೆಲ್ಲಕ್ಕೂ ಈರುಳ್ಳಿ ಹಾಕಿದರು.

ಇಷ್ಟಕ್ಕೆಲ್ಲ ನಾವು ನಗುತ್ತಿದ್ದೆವು. ನಗಲಾಗದ್ದು ಎದುರಿನ ಬಳೆ ಅಂಗಡಿಯ ಸಾಹೇಬರ ವಿಷಯ. ಇಪ್ಪತ್ತು ವರ್ಷದಿಂದ ಇಬ್ಬರೂ ಸಂಜೆಯ ಚಹಾ ಒಟ್ಟಿಗೆ ಕುಡಿದವರು. ಟೀವಿಯಲ್ಲಿ ಒಂದು ವಾರ ಧರ್ಮದ ಚರ್ಚೆ ನಡೆದದ್ದೇ, ಚಿಕ್ಕಪ್ಪನ ಮುಖ ಬಿಗಿಯಿತು.

"ನಿಮ್ಮವರೆಲ್ಲ ಎಂತ ಮಾಡ್ತಾ ಇದ್ದಾರೆ ಗೊತ್ತುಂಟಾ ಸಾಹೇಬ್ರೇ?"

"ನಮ್ಮವರಾ? ಎನ್.ಆರ್.ಪುರಕ್ಕೆ ಮದುವೆಗೆ ಹೋಗಿದ್ದಾರೆ ಮಾರಾಯ್ರೆ. ಸಂಜೆ ಬಸ್ಸಿಗೆ ಬರ್ತಾರೆ."

ಚಿಕ್ಕಪ್ಪ ನಗಲಿಲ್ಲ. ಅಂದಿನಿಂದ ಚಹಾ ನಿಂತಿತು, ಮಾತೂ ನಿಂತಿತು.

ಹೀಗೆ ಎರಡು ತಿಂಗಳಾಗಿರಬೇಕು. ನಮ್ಮ ಮಿಕ್ಸಿ ಒಯ್ಯಲು ನಾನು ಅಂಗಡಿಗೆ ಹೋಗಿದ್ದ ಮಧ್ಯಾಹ್ನ ಟೀವಿಯಲ್ಲಿ ಕೆಂಪಕ್ಷರ ಮೂಡಿತು: "ಕೊಪ್ಪ ಉದ್ವಿಗ್ನ!" ಬ್ಯಾನರ್ ಕಟ್ಟುವ ವಿಷಯಕ್ಕೆ ಯಾರೋ ಇಬ್ಬರು ಜಗಳವಾಡಿದ್ದರಂತೆ. ತೋರಿಸಿದ್ದು ಮಾತ್ರ ಬಾಗಿಲು ಹಾಕಿದ ಯಾವುದೋ ಊರಿನ ಪೇಟೆ. ಚಿಕ್ಕಪ್ಪ ಬಿಳಿಚಿಕೊಂಡರು.

"ಹೊರಗೆ ನೋಡಿ ಚಿಕ್ಕಪ್ಪ, ಎಂತ ಗಲಾಟೆ? ರಸ್ತೆ ಮಧ್ಯೆ ದನ ಮಲಗಿದೆ!"

"ದನಕ್ಕೆ ಎಂತ ಗೊತ್ತು? ಅದು ಟೀವಿ ನೋಡ್ತದಾ?"

ಹೀಗೆಂದವರೇ ಹೆಲ್ಮೆಟ್ ಹಾಕಿಕೊಂಡರು. ಮೊಳೆಗೆ ತೂಗುಹಾಕಿದ್ದ ಚಿಕ್ಕಮ್ಮನ ಹೆಲ್ಮೆಟ್ಟನ್ನೂ ಕೈಗೆತ್ತಿಕೊಂಡರು. ಸ್ಕೂಟರ್ ಹತ್ತಿ ಮನೆಗೆ ಓಡುತ್ತಾರೆ, ಇನ್ನೇನು, ಎಂದುಕೊಂಡೆ. ಅವರು ಎಡಕ್ಕೂ ಬಲಕ್ಕೂ ನೋಡಿ, ಬಗ್ಗಿಕೊಂಡು ರಸ್ತೆ ದಾಟಿ, ನೇರ ಬಳೆ ಅಂಗಡಿಗೆ ನುಗ್ಗಿದರು. ನಾನೂ ಹಿಂದೆಯೇ ಓಡಿದೆ.

"ಸಾಹೇಬ್ರೇ, ಏಳಿ. ಊರು ಹೊತ್ತಿಕೊಂಡಿದೆ. ನಮ್ಮ ಮನೆಗೆ ಬನ್ನಿ. ನಾನಿರುವಾಗ ನಿಮ್ಮನ್ನು ಯಾರು ಮುಟ್ತಾರೆ ನೋಡುವ!"

ಸಾಹೇಬರು ದನ ಮಲಗಿದ್ದ ರಸ್ತೆ ನೋಡಿದರು, ನನ್ನನ್ನು ನೋಡಿದರು. ಇನ್ನೇನು ನಗಬೇಕು, ಅಷ್ಟರಲ್ಲಿ ಚಿಕ್ಕಪ್ಪ ಅವರ ತಲೆಗೆ ಹೆಲ್ಮೆಟ್ ಇಟ್ಟು ಗಲ್ಲದ ಕೆಳಗೆ ಪಟ್ಟಿ ಬಿಗಿಯತೊಡಗಿದರು. ದಿನವಿಡೀ ಮಿಕ್ಸಿಯ ಸಣ್ಣ ಸ್ಕ್ರೂ ಕೂರಿಸುವ ಕೈ ಅದು. ಮೂರು ಸಲ ಪ್ರಯತ್ನಿಸಿದರೂ ಪಟ್ಟಿ ಕೂರಲೊಲ್ಲದು.

ಸಾಹೇಬರು ನಗಲಿಲ್ಲ. ಸುದ್ದಿ ಸುಳ್ಳೆಂದೂ ಹೇಳಲಿಲ್ಲ. ಆ ಕೈ ಹಿಡಿದು, ತಾವೇ ಪಟ್ಟಿ ಹಾಕಿಕೊಂಡು, ಅಂಗಡಿಯ ಬಾಗಿಲೆಳೆದರು.

"ಹೋಗುವ ಮಾರಾಯ್ರೆ," ಎಂದು ರಸ್ತೆ ದಾಟಿ ಬಂದು ಸ್ಕೂಟರಿನ ಹಿಂದೆ ಕುಳಿತು, ಚಿಕ್ಕಪ್ಪನ ಹೆಗಲ ಮೇಲೆ ಕೈಯಿಟ್ಟರು.