ಎತ್ತಂಗಡಿಗೊಂದು ಪ್ರಶ್ನೆ

ಅಕ್ಕ ತಮ್ಮನ ನಡುವೆ ಮಾತು ನಿಂತದ್ದು ಒಂದೇ ಒಂದು ಪ್ರಶ್ನೆಯಿಂದ. ಅದೂ ಕೇಳಬೇಕಾದಾಗ ಕೇಳದೆ ಬಿಟ್ಟ ಪ್ರಶ್ನೆ.

ತಮ್ಮನನ್ನು ಆಫೀಸಿನಲ್ಲಿ ಎಲ್ಲರೂ ಮೆಲ್ಲಣ್ಣ ಎನ್ನುತ್ತಿದ್ದರು. ಕಂಪ್ಯೂಟರಿಗೆ ಸಣ್ಣಪುಟ್ಟ ಕಮಾಂಡು ಬರೆಯುವುದು ಅವನ ಕೆಲಸ. ಬರೆದದ್ದರಲ್ಲೆಲ್ಲ ಅವನಿಗೆ ಮೆಚ್ಚಿನದು ‘ಎತ್ತಂಗಡಿ’. ಚಿತ್ರವಿಲ್ಲ, ಗುಂಡಿಯಿಲ್ಲ. ಕಪ್ಪು ಪರದೆಯ ಮೇಲೆ ಎತ್ತಂಗಡಿ ಎಂದು ಬರೆದು, ಯಾವ ಫೈಲು ಎಲ್ಲಿಗೆ ಹೋಗಬೇಕೆಂದು ಹೇಳಿದರೆ ಸಾಕು, ಹೊತ್ತುಕೊಂಡು ಹೋಗಿ ಇಟ್ಟು ಬರುತ್ತಿತ್ತು. ಒಂದೇ ದೋಷ. ಹೋದ ಜಾಗದಲ್ಲಿ ಅದೇ ಹೆಸರಿನ ಫೈಲು ಮೊದಲೇ ಇದ್ದರೆ ಅದನ್ನು ಅಳಿಸಿ ಹೊಸದನ್ನು ಕೂರಿಸಿಬಿಡುತ್ತಿತ್ತು. ನೀರು ಕುಡಿದು ಬರುವಷ್ಟರಲ್ಲಿ ನಿಮ್ಮ ಕುರ್ಚಿಯಲ್ಲಿ ಕಾಲು ಚಾಚಿ ಕೂತಿರುವ ನೆಂಟರ ಹಾಗೆ.

ಅಕ್ಕ ದರ್ಜಿ. ಚಳಿಗಾಲವೆಲ್ಲ ಕೂತು ಕಸೂತಿ ಮೆಷಿನ್ನಿಗೆಂದು ‘ಬಳ್ಳಿ’ ಎನ್ನುವ ನಮೂನೆ ಮಾಡಿದ್ದಳು. ಅವಳು ಫೈಲುಗಳನ್ನು ಸಾಗಿಸಲು ಹೋದಾಗ ತಮ್ಮನ ಎತ್ತಂಗಡಿ ಅದರ ಮೇಲೆ ಅರೆಬರೆಯಾಗಿದ್ದ ಹಳೆಯ ‘ಬಳ್ಳಿ’ಯನ್ನು ತಂದು ಕೂರಿಸಿತು. ಹೊಸದು ಹೋಗಿಯೇ ಹೋಯಿತು.

“ಅಳಿಸಲಾ ಅಂತ ಒಂದು ಮಾತು ಕೇಳೋಕಾಗಲ್ವೇನೋ ಅದಕ್ಕೆ? ಹಾಗೇ ಬೆಳೆಸಿದೀಯ. ನಿನ್ನ ಎತ್ತಂಗಡಿ ಕೇಳೋದು ಕಲಿಯೋವರೆಗೂ ನಿನ್ನ ಹತ್ತಿರ ನನ್ನ ಮಾತಿಲ್ಲ!” ಎಂದು ಅಕ್ಕ ಫೋನು ಇಟ್ಟಳು.

ಅವಳ ಕೈಯಲ್ಲೇ ಬೆಳೆದವನು ಮೆಲ್ಲಣ್ಣ. ಅವಳ ಬೈಗುಳವಿಲ್ಲದ ದಿನಗಳು ಉಪ್ಪಿಲ್ಲದ ಅಡುಗೆಯಂತೆ ಗಂಟಲಲ್ಲೇ ನಿಂತವು. ಕಿಟಕಿಯಾಚೆ ಮೋಡಗಳನ್ನು ನೋಡುತ್ತ ಕೂತರೆ ಅವೂ ಯಾರೋ ಹೊಲಿಯದೆ ಬಿಟ್ಟ ಬಟ್ಟೆಗಳಂತೆ ತೇಲುತ್ತಿದ್ದವು.

ಕೊನೆಗೆ ಎತ್ತಂಗಡಿಗೆ ಒಂದು ಪ್ಯಾಚ್ ಬರೆದ. ಪ್ಯಾಚ್ ಎಂದರೆ ತೇಪೆಯಂಥದ್ದೇ, ಹರಿದಲ್ಲಿ ಹಾಕುವಷ್ಟು. ಇನ್ನು ಮೇಲೆ ಅದು ‘ಅಳಿಸಲಾ? ಹೌದು / ಬೇಡ’ ಎಂದು ಕೇಳುತ್ತದೆ. ಆದರೆ ಆ ಆಫೀಸಿನಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ‘ಒಪ್ಪಿದೆ’ ಎನ್ನದೆ ಏನೂ ಒಳಗೆ ಹೋಗುವಂತಿರಲಿಲ್ಲ. ಅಂದೇ ಸಂಜೆ ಕಮಾಂಡುಗಳ ಹೊಸ ಆವೃತ್ತಿ ಹೊರಡುವುದಿತ್ತು. ತಪ್ಪಿದರೆ ಮುಂದಿನ ವರ್ಷ. ಅಲ್ಲಿಯವರೆಗೂ ಅಕ್ಕನ ಮಾತಿಲ್ಲ!

ಬೆಳಿಗ್ಗೆಯೇ ಪಕ್ಕದ ಮೇಜಿನ ಚಾಳೀಸಣ್ಣನ ಬಳಿ ಹೋಗಿ ನಿಂತ. ಆತ ಕನ್ನಡಕವನ್ನು ಹಣೆಗೇರಿಸಿ ಪ್ಯಾಚನ್ನು ಓದಿದ.

“ಬೇಡ ಅಂದರೆ ಏನು ಮಾಡುತ್ತೆ ಇದು?”

“ಸುಮ್ಮನಾಗುತ್ತೆ.”

“ಒಂದೇ ಸಲ ಹೇಳಿದರೆ? ನಮ್ಮನೇಲಿ ಅಂಥದ್ದು ಒಂದೂ ಇಲ್ಲಪ್ಪ.”

“ಹಾಗಾದರೆ ಒಪ್ಪಿದೆ ಅಂತೀಯಾ?”

“ಅಂತೀನಿ. ಆದರೆ ನನ್ನ ಪ್ಯಾಚು ಗಡ್ಡಣ್ಣನ ಹತ್ತಿರ ಕೊಳೀತಾ ಬಿದ್ದಿದೆ. ಅದಕ್ಕೆ ಒಪ್ಪಿಗೆ ಹಾಕಿಸಿಕೊಂಡು ಬಾ. ಆ ಕ್ಷಣ ನಿನ್ನದು ಆಯ್ತು ಅಂದ್ಕೋ.”

ಗಡ್ಡಣ್ಣ ಕೂರುವುದು ಮೇಲಿನ ಮಹಡಿಯಲ್ಲಿ. ಲಿಫ್ಟು ಮೆಲ್ಲಣ್ಣನಿಗಿಂತ ಮೆಲ್ಲಗೆ ಏರಿತು.

“ನೋಡ್ತೀನಿ ಕಣೋ, ನೋಡಲ್ಲ ಅಂದ್ನಾ?” ಎಂದು ಗಡ್ಡಣ್ಣ ಗಡ್ಡದೊಳಗಿಂದಲೇ ಹೇಳಿದ. “ನನ್ನದನ್ನ ಯಾರು ನೋಡಿದಾರೆ ಹೇಳು? ಕಿಟಕಿ ಮೇಡಂ ಹತ್ತಿರ ಇದೆ. ಮೊದಲು ನನ್ನದು ಆಗಲಿ, ಆಮೇಲೆ ನಿಮ್ಮದು ಅಂತಾರೆ. ಅವರದರ ಮೇಲೆ ಯಾವನೋ ಸೋಮಾರಿ ಕೂತುಬಿಟ್ಟಿದಾನಂತೆ, ಕಾವಿಗೆ ಕೂತ ಕೋಳಿ ಹಾಗೆ.”

ಮೆಲ್ಲಣ್ಣನಿಗೆ ಅಪರೂಪಕ್ಕೆ ಸಿಟ್ಟು ಬಂತು. “ಛೇ, ಎಂಥ ಜನ! ಒಬ್ಬನ ಸೋಮಾರಿತನಕ್ಕೆ ಇಷ್ಟು ಜನ ಕಾಯೋದಾ? ಅವನಿಗೆ ಅಕ್ಕ ತಂಗಿ ಯಾರೂ ಇಲ್ವಾ?”

“ಇದ್ದರೂ ಮಾತಾಡಿಸ್ತಾರಾ ಅಂಥವನನ್ನ?” ಎಂದ ಗಡ್ಡಣ್ಣ.

ಮಧ್ಯಾಹ್ನ ಕಿಟಕಿ ಪಕ್ಕದ ಮೇಜಿಗೆ ಹೋದರೆ ಕಿಟಕಿ ಮೇಡಂ ಊಟಕ್ಕೆ ಹೋಗಿದ್ದರು. ಕಾಯುತ್ತ ಕೂತ ಮೆಲ್ಲಣ್ಣನ ಕಣ್ಣು ಮೆಲ್ಲಗೆ ಎಳೆಯಿತು. ಅವರ ಮೇಜಿನ ಮೇಲೆ ಬಿಸಿಲು ಬೆಚ್ಚಗೆ ಬಿದ್ದಿತ್ತು. ಸುತ್ತಲಿನ ಕೀಲಿಗಳ ಟಕಟಕ ದೂರ ಸರಿದು ಅಕ್ಕನ ಹೊಲಿಗೆ ಮೆಷಿನ್ನಿನ ಸದ್ದಾಯಿತು. ಪರದೆಯೊಳಗಿಂದ ಹಸಿರು ಬಳ್ಳಿಯೊಂದು ಹೊರಬಂದು ಕುರ್ಚಿಗೆ ಹಬ್ಬಿ, ಅವನ ತೋಳಿಗೆ ಹಬ್ಬಿ, ಕಿವಿಯ ಹತ್ತಿರ ಬಂದು ಅಕ್ಕನ ದನಿಯಲ್ಲಿ, “ಊಟ ಆಯ್ತೇನೋ?” ಎಂದಿತು.

“ಇನ್ನೂ ಇಲ್ಲಕ್ಕಾ,” ಎಂದ.

“ಅಕ್ಕ ಅಲ್ಲ, ನಾವು,” ಎಂದ ಚಾಳೀಸಣ್ಣ. ಪಕ್ಕದಲ್ಲಿ ಗಡ್ಡಣ್ಣನೂ ಇದ್ದ. ಸೋಮಾರಿ ಯಾರೆಂದು ತಿಳಿದು ನಾಲ್ಕು ಮಾತು ಅಂದು ಹೋಗಲು ಇಬ್ಬರೂ ಕೆಲಸ ಬಿಟ್ಟು ಬಂದಿದ್ದರು. ಅಷ್ಟರಲ್ಲಿ ಮೇಡಂ ಕೈ ಒರೆಸಿಕೊಳ್ಳುತ್ತ ಬಂದರು.

ಮೆಲ್ಲಣ್ಣ ಎದ್ದು ಎದೆ ಸೆಟೆಸಿ ನಿಂತ. “ಹೇಳಿ ಮೇಡಂ, ಯಾರವನು? ಕುರ್ಚಿ ಸಮೇತ ಎತ್ಕೊಂಡು ಬರ್ತೀವಿ.”

ಮೇಡಂ ಅವನನ್ನೇ ನೋಡಿದರು. “ನೀನೇ ಕಣಪ್ಪ. ಹೋದ ತಿಂಗಳೇ ಕಳಿಸಿದೀನಿ.”

ಚಾಳೀಸಣ್ಣನ ಕನ್ನಡಕ ಹಣೆಯಿಂದ ಜಾರಿ ತಾನಾಗಿ ಮೂಗಿನ ಮೇಲೆ ಕೂತಿತು.

ಮೂವರೂ ಅವನನ್ನು ಮದುವೆ ಗಂಡನ ಹಾಗೆ ನಡುವೆ ಹಾಕಿಕೊಂಡು ಅವನ ಮೇಜಿಗೆ ಕರೆತಂದರು. ಅವನು ಓದದೆ ಬಿಟ್ಟ ರಾಶಿಯ ಅಡಿಯಲ್ಲಿ ಮೇಡಂ ಪ್ಯಾಚು ಇತ್ತು. ತಲೆಬರಹ ಓದಿದ. ‘ಎತ್ತಂಗಡಿಯನ್ನು ತೆಗೆದುಹಾಕಬಹುದೇ?’

“ಇದೇನು ಮೇಡಂ, ನನ್ನ ಎತ್ತಂಗಡಿ!”

“ಅದೇ ಕೆಲಸ ಮಾಡೋ ಹೊಸ ಕಮಾಂಡು ಬಂದಿದೆಯಲ್ಲಪ್ಪ. ಹಳೇದನ್ನ ಬಳಸೋರು ಇಡೀ ಲೋಕದಲ್ಲಿ ಒಬ್ಬರೇ ಅಂತ ಗೊತ್ತಾಯ್ತು.”

“ಅದು ನಮ್ಮಕ್ಕ!”

“ಯಾರೇ ಆಗಲಿ, ಬರೆದವನು ನೀನು. ಕೇಳದೆ ಅಳಿಸೋದು ಸರಿಯಲ್ಲ ಅಂತ ನಿನ್ನನ್ನ ಕೇಳಿದೆ. ನೀನು ಹೌದು ಅನ್ನಲಿಲ್ಲ, ಬೇಡ ಅನ್ನಲಿಲ್ಲ.”

ಮೆಲ್ಲಣ್ಣ ಪ್ಯಾಚನ್ನು ಒಂದೊಂದೇ ಸಾಲಾಗಿ ಓದಿದ. ಒಂದು ತಪ್ಪಾದರೂ ಸಿಗಲಿ ಎಂದು ಹಿಂದಿನಿಂದ ಮುಂದಕ್ಕೂ ಓದಿದ. ತೊಳೆದಿಟ್ಟ ತಟ್ಟೆಯಂತಿತ್ತು. ಬೇಡ ಎಂದರೆ ಮೇಡಂದು ನಿಲ್ಲುತ್ತದೆ, ಅದರ ಹಿಂದೆ ಗಡ್ಡಣ್ಣನದು, ಅದರ ಹಿಂದೆ ಚಾಳೀಸಣ್ಣನದು, ಎಲ್ಲದರ ಹಿಂದೆ ತನ್ನದು. ಹೌದು ಎಂದರೆ ತನ್ನದು ಒಳಗೆ ಹೋಗಲು ಜಾಗವೇ ಇರುವುದಿಲ್ಲ.

“ಬೇಗ ಒತ್ತೋ, ಸಂಜೆಯಾಯ್ತು,” ಎಂದು ಹಿಂದಿನಿಂದ ಎರಡು ಉಸಿರು ಅವನ ಕತ್ತಿಗೆ ತಾಕಿದವು.

ಇಲ್ಲದ ತಪ್ಪು ಹುಡುಕಿ ಹೇಳುವುದು ಅವನಿಗೆ ಬರುತ್ತಿರಲಿಲ್ಲ. ‘ಒಪ್ಪಿದೆ’ ಎಂದು ಒತ್ತಿದ. ಮೇಡಂ ಒತ್ತಿದರು, ಗಡ್ಡಣ್ಣ ಒತ್ತಿದ, ಚಾಳೀಸಣ್ಣನೂ ಮಾತು ತಪ್ಪದೆ ಒತ್ತಿದ. ‘ಬಹಳ ಚೆನ್ನಾಗಿದೆ’ ಎಂದು ಷರಾ ಕೂಡ ಬರೆದ. ಮೆಲ್ಲಣ್ಣನ ಪ್ಯಾಚು ಒಳಗೆ ಹೋಗಿ, ತೇಪೆ ಹಿಡಿದು ಅಂಗಿ ಹುಡುಕುವವರಂತೆ ಅಲೆದು, ‘ಎತ್ತಂಗಡಿ ಸಿಗಲಿಲ್ಲ’ ಎಂದು ಹಿಂತಿರುಗಿ ಬಂತು.

ಸಂಜೆ ಬೀದಿದೀಪಗಳು ಹತ್ತುವ ಹೊತ್ತಿಗೆ, ನಡೆಯುತ್ತಿರುವುದು ತನ್ನ ಕಾಲೋ ಬೇರೆಯವರದೋ ತಿಳಿಯದೆ ಮನೆಯ ಕಡೆ ಹೋಗುತ್ತಿದ್ದ. ಫೋನು ಹೊಡೆದುಕೊಂಡಿತು. ಅಕ್ಕ!

“ಲೋ, ಕೇಳಿತು ಕಣೋ!”

ಮೆಲ್ಲಣ್ಣನ ಎದೆಯೊಳಗೆ ಮಧ್ಯಾಹ್ನದ ಬಳ್ಳಿ ಎಲೆಯೊಡೆಯಿತು. “ಏನು ಕೇಳಿತಕ್ಕಾ?”

“ಈಗ ತಾನೇ ಹೊಸ ಆವೃತ್ತಿ ಬಂತು. ಬಂದದ್ದೇ ತಡ, ‘ಎತ್ತಂಗಡಿಯನ್ನು ತೆಗೆದುಹಾಕಬಹುದೇ? ಹೌದು / ಬೇಡ’ ಅಂತ ಕೇಳಿತು. ಅಬ್ಬ, ಏನು ಮರ್ಯಾದೆ! ಸಂತೋಷವಾಗಿ ಹೌದು ಒತ್ತಿದೆ. ಯಾರೋ ಅದನ್ನ ಬರೆದದ್ದು?”

“ಕಿಟಕಿ ಮೇಡಂ ಅಂತ.”

“ಒಳ್ಳೇ ಮನೆಯಲ್ಲಿ ಬೆಳೆದವರು. ಅವರ ನಂಬರ್ ಕಳಿಸು, ಮಾತಾಡಬೇಕು.”

“ಅಕ್ಕಾ, ಹಾಗಾದರೆ ನನ್ನ ಹತ್ತಿರ…”

“ನಿನ್ನ ಎತ್ತಂಗಡಿ ಕೇಳೋದು ಕಲೀತಾ?”

“ಅದು… ಈಗ ಇಲ್ಲವೇ ಇಲ್ಲವಲ್ಲಕ್ಕಾ.”

“ಅದೆಲ್ಲ ನಂಗೊತ್ತಿಲ್ಲ. ಕಲಿತ ಮೇಲೆ ಫೋನ್ ಮಾಡು,” ಎಂದು ಅಕ್ಕ ಫೋನು ಇಟ್ಟಳು.